ಬಲಗೈ ಕೊಡದವನು

ಅವನು ಸತ್ತ ದಿನ ನಮ್ಮ ಕ್ರಿಕೆಟ್ ವಾಟ್ಸಾಪ್ ಗ್ರೂಪಿನಲ್ಲಿ ಬೆಳಗಿನಿಂದ ಕೈಮುಗಿದ ಚಿತ್ರಗಳದ್ದೇ ಸಾಲು. 'ಲಾಸ್ಟ್ ಓವರ್ ಕಿಂಗ್' ಅಂತ ಒಬ್ಬ, 'ಯಾರ್ಕರ್ ಹುಲಿ' ಅಂತ ಇನ್ನೊಬ್ಬ, 'ಮತ್ತೆ ಹುಟ್ಟಿ ಬಾ ಅಣ್ಣ' ಅಂತ ಮಗದೊಬ್ಬ. ಹುಲಿಯಂತೆ ಹುಲಿ. ಈ ಹುಲಿ ವಾರಕ್ಕೆ ಮೂರು ದಿನ ಗುಬ್ಬಿಯಿಂದ ತುಮಕೂರಿಗೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಡಯಾಲಿಸಿಸ್‌ಗೆ ಬರುತ್ತಿದ್ದಾಗ, ಇವರಲ್ಲಿ ಒಬ್ಬನೂ ಬೈಕು ನಿಲ್ಲಿಸಿ ಹತ್ತಿಸಿಕೊಂಡಿದ್ದನ್ನು ನಾನು ಕಾಣೆ. ಹೊಟ್ಟೆ ಉರಿದುಹೋಗಿ ಗ್ರೂಪಿನಿಂದಲೇ ಹೊರಬಿದ್ದೆ. ಆಮೇಲೆ, ಅವನ ಬಗ್ಗೆ ನಾನಾದರೂ ನೆಟ್ಟಗೆ ನಾಲ್ಕು ಮಾತು ಬರೆಯಬೇಕು ಅನ್ನಿಸಿತು. ಹೆಸರು ಬರೆಯುವುದಿಲ್ಲ. "ಹೆಸ್ರು ಮಾತ್ರ ಹಾಕ್ಬೇಡಿ ಅಣ್ಣ, ಜನ ಸುಮ್ನೆ ಅಯ್ಯೋ ಪಾಪ ಅಂತಾರೆ" ಎಂದು ಅವನ ಹೆಂಡತಿ ಕೇಳಿಕೊಂಡಿದ್ದಾಳೆ. ಹೆಸರು ಹಾಕಿದರೂ ಯಾರಿಗೂ ಗುರುತು ಹತ್ತುವುದಿಲ್ಲ ಬಿಡಿ. ಗುಬ್ಬಿ ಸುತ್ತಮುತ್ತ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು 'ಲಾಸ್ಟ್ ಓವರ್' ಎಂದೇ.

ಕ್ರಿಕೆಟ್ ಅಂದರೆ ಟಿವಿಯಲ್ಲಿ ಬರುವ ಕ್ರಿಕೆಟ್ ಅಲ್ಲ. ನಮ್ಮದು ಟೆನಿಸ್ ಬಾಲಿನದು. ಎಂಟೆಂಟು ಓವರಿನ ಮ್ಯಾಚು. ಗುಬ್ಬಿಯಲ್ಲಿ ಕಾಲೇಜು ಮೈದಾನ, ಕ್ಯಾತ್ಸಂದ್ರದಲ್ಲಿ ಹೋಟೆಲುಗಳ ಹಿಂದಿನ ಬಯಲು, ಬೇಸಗೆಯಲ್ಲಿ ನೀರು ಹಿಂದೆ ಸರಿದರೆ ಕುಣಿಗಲ್ ಕೆರೆಯಂಗಳ. ಒಂದು ಶಾಮಿಯಾನ, ಒಂದು ಮೈಕು, ಗೆದ್ದವರಿಗೆ ಆಳೆತ್ತರದ ಕಪ್ಪು, ಕೆಲವು ಕಡೆ ಮೊದಲ ಬಹುಮಾನಕ್ಕೆಂದು ಕಂಬಕ್ಕೆ ಕಟ್ಟಿಹಾಕಿದ ಟಗರು. ಊರಿನ ಹುಡುಗರ ಜೊತೆಗೆ ಹೊರಗಿನವರು ಒಬ್ಬಿಬ್ಬರನ್ನು ದುಡ್ಡು ಕೊಟ್ಟು ಕರೆಸಿಕೊಳ್ಳಬಹುದು ಎಂಬುದು ಅಲ್ಲಿನ ಕಾನೂನು. ಗೆಸ್ಟ್ ಪ್ಲೇಯರ್ ಅನ್ನುತ್ತಾರೆ. ಬೇರೆ ಗೆಸ್ಟುಗಳನ್ನು ಸಿಕ್ಸರ್ ಹೊಡೆಯುವುದಕ್ಕೆ ಕರೆಸುತ್ತಿದ್ದರು. ಅವನನ್ನು ಕರೆಸುತ್ತಿದ್ದದ್ದು ಕೊನೆಯ ಓವರ್ ಹಾಕುವುದಕ್ಕೆ. ಅದೊಂದೇ ಕೆಲಸ. ಬ್ಯಾಟಿಂಗಿನಲ್ಲಿ ಹನ್ನೊಂದನೆಯವನು, ಫೀಲ್ಡಿಂಗಿನಲ್ಲಿ ಕೀಪರ್ ಬೆನ್ನ ಹಿಂದೆ, ಗಡಿಯ ಮೂಲೆಯ ಥರ್ಡ್ ಮ್ಯಾನ್. ಏಳು ಓವರ್ ಮುಗಿಯುವ ತನಕ ಅವನು ಇದ್ದಾನೋ ಇಲ್ಲವೋ ಅಂತ ಯಾರೂ ನೋಡುತ್ತಿರಲಿಲ್ಲ. ಎಂಟನೆಯದಕ್ಕೆ ಇಡೀ ಮೈದಾನ ಅವನನ್ನೇ ನೋಡುತ್ತಿತ್ತು.

ನಾನು ವಿಕೆಟ್ ಕೀಪರ್. ಅವನನ್ನು ಕರೆಸುವವರು ಅವನ ಬಾಲು ಹಿಡಿಯುವುದಕ್ಕೆ ನನ್ನನ್ನೂ ಕರೆಸುತ್ತಿದ್ದರು. ಬೆಳ್ಳಾವಿ ಕಡೆಯ ಒಂದು ಶಾಲೆಯಲ್ಲಿ ಮೇಷ್ಟ್ರು, ಭಾನುವಾರ ಕೀಪರ್. ನನ್ನ ಬಲಗೈ ಕಿರುಬೆರಳು ಸೊಟ್ಟಗಿದೆ. ಅವನ ಒಂದು ಬಾಲು ಬ್ಯಾಟ್ಸ್‌ಮನ್‌ನ ಬೂಟಿನ ಪಕ್ಕ ನುಸುಳಿ ಬಂದು ಮಾಡಿದ ಕೆಲಸ ಅದು. ಬರೀ ಟೆನಿಸ್ ಬಾಲು ಬೆರಳು ಮುರಿಯುತ್ತದೆ ಅಂದರೆ ನಮ್ಮ ಸ್ಕೂಲಿನಲ್ಲಿ ಯಾರೂ ನಂಬಲಿಲ್ಲ. ಗೇಟು ಹಾಕುವಾಗ ಸಿಕ್ಕಿಹಾಕಿಕೊಂಡಿತು ಅಂತ ಸುಳ್ಳು ಹೇಳಬೇಕಾಯಿತು.

ವಾರವಿಡೀ ಅವನು ತೆಂಗಿನಕಾಯಿ ಸುಲಿಯುತ್ತಿದ್ದ. ನೆಲಕ್ಕೆ ನೆಟ್ಟ ಹಾರೆಯ ಮುಂದೆ ಬಗ್ಗಿ ನಿಂತು, ಕಾಯಿಯನ್ನು ಮೊನೆಗೆ ಕುಕ್ಕಿ, ಬಲಗೈಯಲ್ಲಿ ಒಂದು ತಿರುವು. ಸಿಪ್ಪೆ ಕಳಚಿಕೊಂಡು ಬೀಳುತ್ತಿತ್ತು. ಆ ತಿರುವೇ ಅವನ ಬೌಲಿಂಗು ಅಂತ ಮೈಕಿನವರು ಬಣ್ಣ ಕಟ್ಟಿ ಹೇಳುತ್ತಿದ್ದರು. ಅವನನ್ನು ಕೇಳಿದರೆ, "ಯಾವನ್ಲಾ ಹೇಳಿದ್ದು? ಕಾಯಿ ಸುಲಿದ್ರೆ ಸೊಂಟ ನೋಯ್ತದೆ, ಅಷ್ಟೇಯ" ಅನ್ನುತ್ತಿದ್ದ. ಅವನ ಹತ್ತಿರ ಗುಟ್ಟು ಅಂತ ಇದ್ದದ್ದು ಒಂದೇ: "ಕೊನೇ ಓವರ್‌ನಲ್ಲಿ ಬ್ಯಾಟ್ಸ್‌ಮನ್ ಮುಖ ನೋಡ್ಬಾರ್ದು ಕಣೋ ಕೀಪ್ರು. ಮುಖ ನೋಡಿದ್ರೆ ಒಂದೋ ಭಯ ಆಯ್ತದೆ, ಇಲ್ಲ ಪಾಪ ಅನ್ಸುತ್ತೆ. ಬೂಟು ನೋಡ್ಬೇಕು." ಹಾಗೆ ನೋಡಿಯೇ ಅವನು ಬೂಟಿನ ಬುಡಕ್ಕೆ ಹಾಕುತ್ತಿದ್ದ, ಆರಕ್ಕೆ ಆರೂ.

ಆ ಕೈಯನ್ನು ಅವನು ನೋಡಿಕೊಳ್ಳುತ್ತಿದ್ದ ರೀತಿ ಒಂದು ತಮಾಷೆ. ಬಿಸಿಲು ನೆತ್ತಿ ಸುಡುತ್ತಿದ್ದರೂ ಭುಜದಿಂದ ಮಣಿಕಟ್ಟಿನವರೆಗೆ ದಪ್ಪ ಟವಲು ಸುತ್ತಿಕೊಂಡೇ ಥರ್ಡ್ ಮ್ಯಾನ್‌ನಲ್ಲಿ ನಿಲ್ಲುತ್ತಿದ್ದ. ಓವರ್ ಮುಗಿಯುವ ತನಕ ಹೊಟ್ಟೆಗೆ ಏನೂ ಇಲ್ಲ. ಮುಗಿದ ಮೇಲೆ ಕ್ಯಾತ್ಸಂದ್ರದಲ್ಲಿ ಕೂತರೆ ತಟ್ಟೆ ಇಡ್ಲಿ ತರುವವನಿಗೆ ಸಾಕುಸಾಕಾಗಬೇಕು. ಮ್ಯಾಚಿನ ದಿನ ಬಲಗೈ ಯಾರಿಗೂ ಕೊಡುತ್ತಿರಲಿಲ್ಲ. ಶೇಕ್ ಹ್ಯಾಂಡ್ ಅಂತ ಯಾರು ಕೈ ಚಾಚಿದರೂ ಎಡಗೈ ಮುಂದೆ ಬರುತ್ತಿತ್ತು.

ಒಂದು ಸಲ ಗುಬ್ಬಿಯಲ್ಲಿ ಇದರಿಂದ ದೊಡ್ಡ ರಂಪವೇ ಆಯಿತು. ಟೂರ್ನಮೆಂಟಿಗೆ ಕಪ್ಪು ಕೊಡಿಸಿದ್ದ ಮುಖಂಡರೊಬ್ಬರು ಆಟಗಾರರ ಪರಿಚಯಕ್ಕೆ ಸಾಲಿನುದ್ದಕ್ಕೂ ಕೈಕುಲುಕುತ್ತಾ ಬಂದರು. ಇವನು ಎಡಗೈ ನೀಡಿದ. ಅವರ ಮುಖ ಕಪ್ಪಿಟ್ಟಿತು. ಹಿಂದೆ ಇದ್ದವನೊಬ್ಬ, "ಏನ್ಲೇ, ದೊಡ್ಡೋರ್ಗೆ ಎಡಗೈ ಕೊಡ್ತೀಯಾ, ಸೊಕ್ಕಾ?" ಅಂತ ಮೈಮೇಲೆ ಬಂದ. ಇವನು ಹೆದರಲೂ ಇಲ್ಲ, ಎಗರಾಡಲೂ ಇಲ್ಲ. "ಕೈ ಮುಗೀತೀನಿ ಬುಡಿ ಸಾರ್. ಬಲಗೈ ಮ್ಯಾಚ್ ಆದ್ಮೇಲೆ" ಅಂದ. ಮ್ಯಾಚು ಗೆಲ್ಲಿಸಿದ ಮೇಲೆ ತಾನೇ ಶಾಮಿಯಾನಕ್ಕೆ ಹೋಗಿ ಬಲಗೈ ಚಾಚಿದ. ಆ ಹೊತ್ತಿಗೆ ಆ ಯಜಮಾನರು ಕಾರು ಹತ್ತಿ ಹೋಗಿಯಾಗಿತ್ತು. ನಾವು ನಕ್ಕಿದ್ದೇ ನಕ್ಕಿದ್ದು.

ನೋವಿನ ವಿಷಯದಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಟೆನಿಸ್ ಬಾಲು ಹಗುರ. ಹಗುರವಾದದ್ದನ್ನು ಶಕ್ತಿಯೆಲ್ಲ ಬಿಟ್ಟು ಎಸೆದರೆ ಭುಜ ಕಿತ್ತುಬಂದಂತೆ ಆಗುತ್ತದೆ. ಬೇಕಿದ್ದರೆ ಒಂದು ಖಾಲಿ ಬೆಂಕಿಪೊಟ್ಟಣವನ್ನು ದೂರಕ್ಕೆ ಬೀಸಿ ಎಸೆದು ನೋಡಿ, ಗೊತ್ತಾಗುತ್ತದೆ. ಕಾನೂನಿನ ಪ್ರಕಾರ ಅವನು ಎರಡು ಓವರ್ ಹಾಕಬಹುದಿತ್ತು. ಭುಜ ತಡೆಯುತ್ತಿದ್ದದ್ದು ಒಂದೇ ಓವರು. ಅದಕ್ಕೂ ಮುಂಚೆ ಎರಡು ನೋವಿನ ಮಾತ್ರೆ ಬೇಕಿತ್ತು. ಸೋಮವಾರ ಕಾಯಿ ಸುಲಿಯಲು ಕೈ ಏಳಬೇಕಲ್ಲ, ಅದಕ್ಕೆ ಇನ್ನೆರಡು. ಬರಬರುತ್ತಾ ದಿನಾ ಆಯಿತು. ಚೀಟಿಯಿಲ್ಲದೆ ಎಲ್ಲಿ ಬೇಕಾದರೂ ಸಿಗುವ ಮಾತ್ರೆ. ನಮಗೆಲ್ಲ ಅದು ಚಹಾ ಕುಡಿದಷ್ಟೇ ಸಹಜವಾಗಿ ಕಾಣುತ್ತಿತ್ತು. ಅವನ ಜೇಬಿನಲ್ಲಿ ಮಾತ್ರೆಯ ಪಟ್ಟಿ ಚರಗುಟ್ಟುವುದು ಕೇಳಿದರೆ, ಓಹೋ, ಇವನು ರೆಡಿಯಾದ ಎಂದು ಕ್ಯಾಪ್ಟನ್‌ಗೆ ಧೈರ್ಯ ಬರುತ್ತಿತ್ತು.

ಅವನ ಕಸುಬಿನಲ್ಲಿ ಇನ್ನೊಂದು ಅನ್ಯಾಯವಿತ್ತು. ಗೆದ್ದರೆ ಟೀಮು ಗೆದ್ದಿತು, ಸೋತರೆ ಅವನು ಸೋತ. ಮುಂಚಿನ ಏಳು ಓವರ್‌ಗಳಲ್ಲಿ ಉಳಿದವರೆಲ್ಲ ಸೇರಿ ಊರಿಗೆಲ್ಲ ರನ್ನು ಹಂಚಿ, ಕೊನೆಗೆ ಇಷ್ಟೇ ಇಷ್ಟು ಉಳಿಸಿ ಬಾಲು ಇವನ ಕೈಗೆ ಕೊಡುತ್ತಿದ್ದರು. ಒಮ್ಮೆ ಕ್ಯಾತ್ಸಂದ್ರದಲ್ಲಿ ಕೊನೆಯ ಬಾಲಿಗೆ ಸಿಕ್ಸರ್ ಹೊಡೆಸಿಕೊಂಡ. ಅವನನ್ನು ಕರೆದುಕೊಂಡು ಬಂದಿದ್ದ ಟೀಮಿನವರು ಗಾಡಿ ಹತ್ತಿಕೊಂಡು ಹೊರಟೇ ಹೋದರು. ನಾನೂ ಅವನೂ ಹೈವೇವರೆಗೆ ನಡೆದು ಬಂದು ಬಸ್ಸಿಗೆ ಕಾದೆವು. ನನಗೆ ಮೈಯೆಲ್ಲ ಉರಿ. ಅವನು ಟವಲು ಮಡಚಿಕೊಂಡು, "ಅವ್ರ್ದೇನೂ ತಪ್ಪಿಲ್ಲ ಬುಡ್ಲಾ. ಮಡ್ಕೆ ಕೊನೇಲಿ ಯಾರ ಕೈಲಿ ಇತ್ತೋ ಅವ್ರೇ ತಾನೆ ಒಡೆದಂಗೆ" ಅಂದ. ನನಗೆ ಆ ಮಾತು ಇಷ್ಟವಾಗಲಿಲ್ಲ. ಈಗಲೂ ಇಷ್ಟವಿಲ್ಲ.

ಅವನ ಸುದ್ದಿ ಬಂದಾಗೆಲ್ಲ ಜನ ಎತ್ತುವುದು ಕುಣಿಗಲ್ ಫೈನಲ್ಲನ್ನು. ಅವನು ಒಂದು ಬಾಲನ್ನೂ ಹಾಕದ ಮ್ಯಾಚು ಅದು.

ಕೆರೆಯಂಗಳದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ನಮ್ಮ ಗುಬ್ಬಿ ಟೀಮು ಮೊದಲ ಬಾರಿ ಅಷ್ಟು ದೂರ ಬಂದಿತ್ತು. ಎರಡು ಓವರ್ ಉಳಿದಿವೆ, ಎದುರಿನವರಿಗೆ ಇನ್ನೂ ಇಪ್ಪತ್ತಕ್ಕಿಂತ ಹೆಚ್ಚು ಬೇಕು. ಆದರೆ ಕ್ರೀಸಿನಲ್ಲಿ ಇದ್ದವನು ಕಣ್ಣು ಮುಚ್ಚಿ ಬೀಸಿದರೂ ಗಡಿ ದಾಟಿಸುತ್ತಿದ್ದ ಆಸಾಮಿ. ಏಳನೆಯ ಓವರ್ ಯಾರಿಗೆ ಅನ್ನುವುದೇ ಪ್ರಶ್ನೆ. ನಮ್ಮ ಕ್ಯಾಪ್ಟನ್ ಬಾಲು ಹಿಡಿದು ಥರ್ಡ್ ಮ್ಯಾನ್ ಕಡೆಗೆ ನಡೆದು ಹೋದ. ಇವನ ಹತ್ತಿರ ಏನೋ ಮಾತಾಡಿದ. ವಾಪಸು ಬಂದು ಬಾಲನ್ನು ತನ್ನ ಹೆಂಡತಿಯ ತಮ್ಮನ ಕೈಗೆ ಕೊಟ್ಟ. ಕೊನೆಯದಕ್ಕೆ ರೆಡಿಯಾಗಿರು ಅಂತ ಇವನಿಗೆ ಹೇಳಿ ಬಂದಿರಬೇಕು ಅಂದುಕೊಂಡೆ. ಆ ಭಾವಮೈದ ಹಾಕಿದ ಮೊದಲ ಬಾಲು ಕೆರೆ ಏರಿಯ ಮೇಲೆ ಬಿತ್ತು. ಎರಡನೆಯದೂ ಅಲ್ಲೇ. ಓವರ್ ಪೂರ್ತಿಯಾಗುವ ಮೊದಲೇ ಮ್ಯಾಚು ಮುಗಿದು ಜನ ಮೈದಾನಕ್ಕೆ ನುಗ್ಗಿದರು. ತಿರುಗಿ ನೋಡಿದೆ. ಥರ್ಡ್ ಮ್ಯಾನ್‌ನಲ್ಲಿ ಇವನು ಟವಲು ಬಿಚ್ಚಿ, ಅಂಗಿಯ ತೋಳು ಮಡಚಿ, ಕೈ ಬಿಸಿ ಮಾಡಿಕೊಂಡು ನಿಂತೇ ಇದ್ದ. ಸುತ್ತಲೂ ಜನ ಕುಣಿಯುತ್ತಿದ್ದಾರೆ, ಇವನು ಕೈ ತಿರುಗಿಸುತ್ತಲೇ ಇದ್ದಾನೆ.

ಆ ಕ್ಯಾಪ್ಟನ್‌ನನ್ನು ನಾನು ಎಷ್ಟು ವರ್ಷ ಬೈದಿದ್ದೇನೋ. ಟೀ ಅಂಗಡಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಅವನ ಮುಖಕ್ಕೆ ಮುಖ ಕೊಟ್ಟು. "ಭಾವಮೈದನ ಮೇಲಿನ ಪ್ರೀತಿಗೆ ಫೈನಲ್ ಮಾರಿದೆಯಲ್ಲೋ" ಅಂತ. ಆ ಮನುಷ್ಯ ಒಂದು ದಿನವೂ ತಿರುಗಿ ಮಾತಾಡಲಿಲ್ಲ. ತಲೆ ಬಗ್ಗಿಸಿ ಊಟ ಮಾಡಿ ಎದ್ದು ಹೋಗುತ್ತಿದ್ದ.

ಇವನ ಕಾಲು ಊದಿಕೊಳ್ಳಲು ಶುರುವಾದದ್ದು ಬೌಲಿಂಗು ಬಿಟ್ಟ ಮೇಲೆ. ಮೊದಲು ನಿಂತು ನಿಂತು ಹಾಗಾಗಿದೆ ಅಂದ. ಆಮೇಲೆ ಮುಖ ಊದಿತು. ತುಮಕೂರಿನ ಆಸ್ಪತ್ರೆಗೆ ತೋರಿಸುವ ಹೊತ್ತಿಗೆ ಎರಡೂ ಕಿಡ್ನಿ ಮುಗಿದಿದ್ದವು. ಬಿಪಿ ಇತ್ತು, ಮಾತ್ರೆಯೂ ಇತ್ತು, ಯಾವುದರಿಂದ ಎಷ್ಟು ಅಂತ ಡಾಕ್ಟರು ಪಾಲು ಹಾಕಿ ಹೇಳಲಿಲ್ಲ. ಎಷ್ಟು ವರ್ಷದಿಂದ ನುಂಗುತ್ತಿದ್ದಿ ಅಂತ ಮಾತ್ರ ಕೇಳಿದರು. ಇವನು ಬೆರಳು ಮಡಚಿ ಎಣಿಸತೊಡಗಿದ, ಎರಡೂ ಕೈ ಸಾಲಲಿಲ್ಲ.

ಡಯಾಲಿಸಿಸ್‌ಗೆ ಕೈಯಲ್ಲಿ ಒಂದು ಸಣ್ಣ ಆಪರೇಷನ್ ಆಗಬೇಕು. ಎರಡು ರಕ್ತನಾಳ ಸೇರಿಸಿ ಹೊಲಿಯುತ್ತಾರೆ. ಅದು ದಪ್ಪಗಾದ ಮೇಲೆ ಅಲ್ಲಿಗೇ ಸೂಜಿ ಹಾಕಿ ರಕ್ತವನ್ನು ಮೆಷಿನ್ನಿಗೆ ಬಿಡುತ್ತಾರೆ. ಫಿಸ್ಟುಲಾ ಅನ್ನುತ್ತಾರೆ. ಆಮೇಲೆ ಆ ಕೈಯಲ್ಲಿ ಭಾರ ಎತ್ತುವಂತಿಲ್ಲ, ಬೀಸಿ ಎಸೆಯುವಂತಿಲ್ಲ. ಅವನ ಎಡಗೈಗೆ ಮೊದಲು ಮಣಿಕಟ್ಟಿನಲ್ಲಿ ಮಾಡಿದರು, ಮುಚ್ಚಿಹೋಯಿತು. ಮೊಣಕೈ ಹತ್ತಿರ ಮಾಡಿದರು, ಅದೂ ಮುಚ್ಚಿಹೋಯಿತು. ಫಿಸ್ಟುಲಾ ಸರಿಯಾಗುವವರೆಗೆ ರಕ್ತ ಬಿಡಲು ಇರಲಿ ಎಂದು ಕುತ್ತಿಗೆಗೆ ಒಂದು ಪೈಪು ಹಾಕಿದ್ದರು. ಡಾಕ್ಟರಮ್ಮ ಖಂಡಿತವಾಗಿ ಹೇಳಿದರು, ಈ ಪೈಪು ಬಹಳ ದಿನ ಇಟ್ಟುಕೊಳ್ಳಬಾರದು, ಇನ್ಫೆಕ್ಷನ್ ಆದರೆ ಜೀವಕ್ಕೇ ಸಂಚಕಾರ, ಬಲಗೈ ಚೆನ್ನಾಗಿದೆ, ಅದಕ್ಕೆ ಮಾಡೋಣ ಎಂದು.

ಇವನು ಒಪ್ಪಲಿಲ್ಲ. "ಬಲಗೈ ಕೊನೇಗೆ ಇರ್ಲಿ ಮೇಡಂ" ಅಂದ.

ಅವನ ಹೆಂಡತಿ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುವವಳು. ಜೋರಾಗಿ ಮಾತಾಡಿ ಗೊತ್ತಿಲ್ಲದ ಹೆಂಗಸು. ಆವತ್ತು ನಮ್ಮ ಮನೆ ಬಾಗಿಲಿಗೆ ಬಂದು ನಿಂತು ಅತ್ತುಬಿಟ್ಟಳು.

"ನೀವೊಂದ್ ಮಾತು ಹೇಳಿ ಅಣ್ಣ. ನಮ್ಮನೇಲಿ ಯಾರ್ ಮಾತೂ ಕೇಳ್ತಿಲ್ಲ. ಕಾಯಿ ಸುಲಿಯೋಕ್ ಬೇಕು ಅಂತಾರೆ. ಎದ್ದು ನಿಲ್ಲೋಕ್ ಶಕ್ತಿ ಇಲ್ಲ, ಯಾವ ಕಾಯಿ ಸುಲೀತಾರೆ? ಕೈ ಉಳಿಸ್ಕೊಂಡು ಏನ್ ಮಾಡ್ತಾರೆ ಅಣ್ಣ, ಮನುಷ್ಯನೇ ಇಲ್ದಿದ್ರೆ?"

ಶುಕ್ರವಾರ ಅವನು ಡಯಾಲಿಸಿಸ್ ಮುಗಿಸುವ ಹೊತ್ತಿಗೆ ಹೋದೆ. ಹೊರಗೆ ಸಿಮೆಂಟಿನ ಬೆಂಚಿನ ಮೇಲೆ ಕೂತಿದ್ದ. ಕುತ್ತಿಗೆಗೆ ಬಿಳಿ ಪಟ್ಟಿ. ಅದರ ಮೇಲೆ ಅದೇ ಹಳೆಯ ಟವಲು. ಎರಡಾಳು ತೂಗುತ್ತಿದ್ದ ಭುಜ ಅಂಗಿಯೊಳಗೆ ಕಾಣೆಯಾಗಿತ್ತು. ನನಗೆ ದುಃಖ ಆಗುವ ಬದಲು ಸಿಟ್ಟು ಬಂತು. ಬೈದೆ.

"ಏನ್ಲಾ, ಹೆಂಡ್ತಿ ಮನೆಮನೆ ಅಲ್ಕೊಂಡು ಅಳ್ಬೇಕಾ? ಕೈ ಕೊಡೋಕೆ ಏನ್ಲಾ ರೋಗ ನಿಂಗೆ?"

"ಕೊಡಲ್ಲ ಅಂದ್ನಾ? ಕೊನೇಗೆ ಅಂದೆ."

"ಕೊನೇಗೆ, ಕೊನೇಗೆ. ಕುಣಿಗಲ್ಲಲ್ಲೂ ಆ ಮುಠ್ಠಾಳ ನಿನ್ನ ಕೊನೇಗೇ ಅಂತ ಇಟ್ಕೊಂಡಿದ್ದ. ಏನಾಯ್ತು? ಏಳ್ನೇ ಓವರೇ ನಿಂಗ್ ಕೊಟ್ಟಿದ್ರೆ ಕಪ್ಪು ಗುಬ್ಬೀಲಿರ್ತಿತ್ತು."

ಅವನು ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದ.

"ಅವ್ನು ಕೊಟ್ಟ ಕಣೋ" ಅಂದ.

"ಏನು ಕೊಟ್ಟ?"

"ಬಾಲು. ಥರ್ಡ್ ಮ್ಯಾನ್‌ಗೆ ಬಂದು ಕೈಗೇ ಕೊಟ್ಟ. ಈಗ್ಲೇ ಹಾಕ್ಬುಡು ಕಣ್ಲಾ, ಇವ್ನ್ನ ಈಗ್ಲೇ ಔಟ್ ಮಾಡಿದ್ರೆ ಮುಗೀತು ಅಂದ. ನಾನೇ ಬ್ಯಾಡ ಅಂದೆ. ಕೊನೇದಕ್ಕೆ ಇರ್ಲಿ ಅಂದೆ. ನಾನು ಲಾಸ್ಟ್ ಓವರ್ ಅಲ್ವಾ? ಏಳ್ನೇದು ಹಾಕಿ ಗೆಲ್ಸಿದ್ರೆ ಯಾರ್ಲಾ ನೆನಪಿಟ್ಕೋತಾರೆ?"

ಆ ಬಡಪಾಯಿ ಕ್ಯಾಪ್ಟನ್ ಪಂಕ್ತಿಯಲ್ಲಿ ತಲೆ ಬಗ್ಗಿಸಿ ಉಣ್ಣುತ್ತಿದ್ದದ್ದು ಕಣ್ಣಿಗೆ ಬಂತು. ಇವನನ್ನು ಬಿಟ್ಟುಕೊಡಬಾರದು ಅಂತ ಅಷ್ಟು ವರ್ಷ ನನ್ನ ಬೈಗುಳ ನುಂಗಿಕೊಂಡಿದ್ದ.

"ಇದು ಗೊತ್ತಿದ್ದೂ ಮತ್ತೆ ಅದೇ ಮಾಡ್ತಿದೀಯಲ್ಲೋ" ಅಂದೆ.

"ಈ ಕೈಗೂ ಹೊಲಿಗೆ ಬಿದ್ರೆ ನನ್ ಹತ್ರ ಇನ್ನೇನೂ ಉಳಿಯಲ್ಲ ಕಣೋ ಕೀಪ್ರು. ಅದ್ಕೇ ಭಯ" ಅಂದ. ಇಪ್ಪತ್ತು ಮೂವತ್ತು ಸಾವಿರ ಜನರ ಕೂಗಿನ ನಡುವೆ ನಿಂತರೂ ಭಯ ಅನ್ನುವ ಮಾತು ಅವನ ಬಾಯಿಂದ ಕೇಳಿರಲಿಲ್ಲ. ಇಷ್ಟು ಜನ ಎಲ್ಲಿ ಬರುತ್ತಿದ್ದರು, ನಾನೂ ಮೈಕಿನವನ ಹಾಗೆ ಉಬ್ಬಿಸುತ್ತಿದ್ದೇನೆ. ಎಷ್ಟು ಜನ ಇದ್ದರೂ ಕೇಳಿರಲಿಲ್ಲ ಅಂತ ತಿಳಿದುಕೊಳ್ಳಿ.

"ಭಾಷೆ ಕೊಡು" ಅಂದು ಕೈ ಚಾಚಿದೆ. ಅಭ್ಯಾಸ ಬಲದಿಂದ ಎಡಗೈ ಎತ್ತಿದ. ಅದು ಹೊಲಿಗೆಗಳಿಂದ ಗಂಟುಗಂಟಾಗಿತ್ತು. ಆಮೇಲೆ ಅದನ್ನು ಕೆಳಗಿಟ್ಟು, ಬಲಗೈ ಎತ್ತಿ, ನನ್ನ ಅಂಗೈ ಮೇಲೆ ಇಟ್ಟ. "ಸೋಮವಾರ ಬಂದಾಗ ಮೇಡಂಗೆ ಹೇಳ್ತೀನಿ. ಮಾಡ್ಲಿ" ಅಂದ. ಅಷ್ಟು ವರ್ಷದ ಸ್ನೇಹದಲ್ಲಿ ಆ ಕೈ ಎಷ್ಟು ಒರಟು ಅಂತ ನನಗೆ ಗೊತ್ತಾಗಿದ್ದು ಆಗಲೇ. ಆಸ್ಪತ್ರೆಯ ಗೇಟಿಗೆ ಬಂದು ಅವನ ಹೆಂಡತಿಗೆ ಫೋನು ಮಾಡಿ ಒಪ್ಪಿದ ಕಣಮ್ಮ ಅಂದೆ. ಅವಳು ಫೋನಿನಲ್ಲೇ ಬಿಕ್ಕಿದಳು.

ಭಾನುವಾರ ಸಂಜೆ ಅವನಿಗೆ ಚಳಿ ಹತ್ತಿತು. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುವುದು ನಿಲ್ಲಲಿಲ್ಲವಂತೆ. ಕುತ್ತಿಗೆಯ ಪೈಪಿನಿಂದ ನಂಜು ರಕ್ತಕ್ಕೆ ಹೋಗಿತ್ತು. ಸೋಮವಾರ ಡಾಕ್ಟರಮ್ಮನೇ ಐಸಿಯುಗೆ ಬಂದು ನೋಡಿದರು. ಅವನ ಪರವಾಗಿ ನಾನೇ ಹೇಳಿದೆ, ಬಲಗೈಗೆ ಒಪ್ಪಿದಾನೆ ಮೇಡಂ ಎಂದು. ಅವರು ನನ್ನ ಮುಖ ನೋಡಿ, "ಮೊದ್ಲು ಇದ್ರಿಂದ ಹೊರಗ್ ಬರ್ಲಿ" ಅಂದರು. ಹೊರಗೆ ಬಂದ ಮೇಲೆ ಫಿಸ್ಟುಲಾಕ್ಕೆ ಬೇಕಾಗುತ್ತದಲ್ಲ, ಆ ಕೈಯ ರಕ್ತನಾಳ ಹಾಳಾಗಬಾರದು. ನರ್ಸಮ್ಮ ಅವನ ಬಲ ಮಣಿಕಟ್ಟಿಗೆ ಬಿಳಿ ಪ್ಲಾಸ್ಟರ್ ಸುತ್ತಿ, ಪೆನ್ನಿನಲ್ಲಿ 'ಈ ಕೈಗೆ ಚುಚ್ಚಬೇಡಿ' ಎಂದು ಬರೆದಳು. ಸೂಜಿಗಳೆಲ್ಲ ಕಾಲಿಗೆ, ತೊಡೆಗೆ ಹೋದವು. ಗುರುವಾರ ಬೆಳಿಗ್ಗೆ ಮುಗಿಯಿತು.

ಮನೆಯ ಮುಂದೆ ಹೆಣ ಇಳಿಸಿದಾಗ ಹಳೆಯ ಕ್ಯಾಪ್ಟನ್ ಬಂದ. ನಾನು ಎದ್ದು ಹೋಗಿ ಅವನ ಪಕ್ಕ ನಿಂತೆ. ಅವನು ಒಂದು ಹೊಸ ಟೆನಿಸ್ ಬಾಲು ತಂದಿದ್ದ. ಬಗ್ಗಿ ಅದನ್ನು ಹೆಣದ ಬಲಗೈಯಲ್ಲಿ ಇಡಲು ಹೋದ. ತಲೆದೆಸೆಯಲ್ಲಿ ಕೂತಿದ್ದ ಅವನ ಹೆಂಡತಿ ಆ ಬಾಲನ್ನು ತಡೆದಳು.

"ತಗೊಂಡೋಗಿ ಅಣ್ಣ. ಆ ಕೈಗೆ ಇನ್ನೇನೂ ಕೊಡ್ಬೇಡಿ."

ಆಮೇಲೆ ಸ್ನಾನ ಮಾಡಿಸುವಾಗ ನೀರು ಹುಯ್ದವರಲ್ಲಿ ನಾನೂ ಒಬ್ಬ. ಕುತ್ತಿಗೆಯಲ್ಲಿ ತೂತು, ಎಡಗೈ ತುಂಬ ಹೊಲಿಗೆ, ಕಾಲು ತೊಡೆಗಳಲ್ಲಿ ನೀಲಿ ನೀಲಿ ಕಲೆ. ಬಲಗೈ ಮಾತ್ರ ಹೆಗಲಿಂದ ಬೆರಳ ತುದಿವರೆಗೆ ಹಾಗೇ ಇತ್ತು. ಒಂದು ಗೀರೂ ಇರಲಿಲ್ಲ. ಮಣಿಕಟ್ಟಿನ ಪ್ಲಾಸ್ಟರನ್ನು ಆಸ್ಪತ್ರೆಯಲ್ಲಿ ಯಾರೂ ತೆಗೆದಿರಲಿಲ್ಲ. ನೀರು ಬಿದ್ದು ಅಕ್ಷರ ಕದಡಲು ಶುರುವಾಗಿತ್ತು. ನಾನೇ ಉಗುರಿನಿಂದ ಅಂಚು ಎಬ್ಬಿಸಿ, ಅವನಿಗೆ ನೋಯದ ಹಾಗೆ, ಮೆಲ್ಲಗೆ ಬಿಡಿಸಿದೆ.